ಕನ್ನಡಕದ ಹಿಂದಿನ ಕಾಡಿಗೆ

ನನ್ನ ಸೋದರತ್ತೆ ಕಾಡಿಗೆ ಹಚ್ಚಿಕೊಳ್ಳುವುದನ್ನು ಶಿಕಾರಿಪುರದ ಅರ್ಧ ಊರು ಕಂಡಿತ್ತು. ಕಾಣದೇ ಉಳಿದವಳು ಆಕೆಯೊಬ್ಬಳೇ! ಇದನ್ನು ಅತಿಶಯೋಕ್ತಿಯೆಂದು ತಳ್ಳಿಹಾಕುವ ಮುನ್ನ ದಯವಿಟ್ಟು ವಿಚಾರಮಾಡಿ. ಕನ್ನಡಕ ಹಾಕಿಕೊಂಡಿದ್ದರೆ ಕಾಡಿಗೆಯ ಬೆರಳು ಗಾಜನ್ನು ಮುಟ್ಟೀತೇ ಹೊರತು ಕಣ್ಣನ್ನು ಮುಟ್ಟದು. ಕನ್ನಡಕ ತೆಗೆದರೆ ಬೆರಳು ಕಣ್ಣನ್ನು ಮುಟ್ಟುತ್ತದೆ. ಆದರೆ ಆಗ ಆಕೆಗೆ ಬೆರಳು ಕಾಣದು, ಕನ್ನಡಿ ಕಾಣದು, ಕನ್ನಡಿಯನ್ನು ತೂಗುಹಾಕಿದ ಗೋಡೆಯೂ ಒಂದು ಊಹೆ ಮಾತ್ರ. ಮೂಗು ತಾಗುವಷ್ಟು ಹತ್ತಿರ ಹೋದರೆ ಕನ್ನಡಿಯಲ್ಲಿ ಕಣ್ಣು ಕಾಣುತ್ತಿತ್ತಂತೆ. ಆದರೆ ಆಗ ನಡುವೆ ಬೆರಳು ತೂರಿಸಲು ಸ್ಥಳವಿರುತ್ತಿರಲಿಲ್ಲ. ಆ ಕನ್ನಡಿಯ ನಟ್ಟನಡುವೆ ಜಿಡ್ಡಿನಲ್ಲಿ ಅಚ್ಚೊತ್ತಿದ ಮೂಗೊಂದು ಸದಾ ಇರುತ್ತಿತ್ತು. ಮನೆಗೆ ಬಂದವರು ತಮ್ಮ ಮುಖ ನೋಡಿಕೊಳ್ಳಹೋದರೆ ಅತ್ತೆಯ ಮೂಗು ಬಂದು ಅವರ ಮುಖದ ಮೇಲೆ ಕೂರುತ್ತಿತ್ತು.

ಇಂಥ ಸ್ಥಿತಿಯಲ್ಲಿರುವವರು ಅಲಂಕಾರದ ಆಸೆಯನ್ನು ಬಿಡುತ್ತಾರೆ. ವಿವೇಕಿಗಳ ಲಕ್ಷಣ ಅದು, ನಾನೂ ಬಿಟ್ಟಿದ್ದೆ. ಅತ್ತೆ ಬಿಡುವುದಿರಲಿ, ಅದನ್ನೊಂದು ಶಾಸ್ತ್ರವನ್ನಾಗಿ ಬೆಳೆಸಿದಳು. ಕನ್ನಡಕ ಹಾಕಿಕೊಂಡ ಹೆಂಗಸು ಹೇಗೆ ಅಲಂಕರಿಸಿಕೊಂಡರೆ ಶೋಭಿಸುತ್ತಾಳೆ ಎಂಬ ವಿಷಯದಲ್ಲಿ ಆ ಕಾಲದ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಆಕೆಗಿಂತ ಹೆಚ್ಚು ತಿಳಿದವರು ಇರಲಿಲ್ಲ. ತಿಳಿಯಬೇಕೆಂದು ಬಯಸಿದವರೂ ಇರಲಿಲ್ಲವೆನ್ನುವುದು ಬೇರೆ ಮಾತು.

ಆಕೆ ಶಿಕಾರಿಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಗಂಡ, ಅಂದರೆ ನನ್ನ ಮಾವ, ಮೋಜಣಿದಾರರು. ಸರಪಳಿ ಹಿಡಿದು ಹೊಲಗದ್ದೆಗಳನ್ನು ಅಳೆದು, ನಕಾಶೆಯ ಮೇಲೆ ಹದ್ದು, ಅಂದರೆ ಗಡಿ, ಗುರುತಿಸುವ ಕೆಲಸ. ಮಕ್ಕಳಿರಲಿಲ್ಲ. ನನ್ನ ತಂದೆ ಅತ್ತೆಯ ತಮ್ಮ, ಸೊರಬದಲ್ಲಿ ಗುಮಾಸ್ತರು. ನಾನು ಹೇಳಹೊರಟಿರುವ ಸಂಗತಿಗಳು ನಡೆದಾಗ ನನಗೆ ಇಪ್ಪತ್ತು ವರ್ಷ; ಹದಿನಾಲ್ಕರಿಂದಲೇ ಕನ್ನಡಕ. ದೂರದ್ದು ಕಾಣದ ಈ ದೋಷ ನಮ್ಮ ವಂಶದಲ್ಲಿ ಹೆಣ್ಣುಮಕ್ಕಳಿಗೆ ಮಾತ್ರ ಇಳಿದು ಬಂದಿದೆ. ಗಂಡಸರಿಗೆ ಇಳಿದು ಬಂದದ್ದು ಅದನ್ನು ಮುಚ್ಚಿಡುವ ದೋಷ.

ಅತ್ತೆ ಹೇಳುವ ಇಸವಿಗಳನ್ನು ನಾನು ಎಂದೂ ನಂಬಿದವಳಲ್ಲ. ಆಕೆಯ ಕಾಲಗಣನೆ ನಡೆಯುತ್ತಿದ್ದುದೇ ಕನ್ನಡಕದ ಕಟ್ಟುಗಳ ಮೇಲೆ. “ಅದು ಕರೀ ಕಟ್ಟಿನ ಕಾಲದಾಗೆ,” ಎನ್ನುತ್ತಿದ್ದಳು, ಇಲ್ಲವೇ, “ಜೇನು ಕಟ್ಟು ಬಂದ ಮ್ಯಾಲೆ.” ನನ್ನ ತಂದೆಯ ದಿನಚರಿಗಳೊಡನೆ ತಾಳೆ ನೋಡಿ ನಾನು ನಿರ್ಧರಿಸಿರುವಂತೆ, ಕರಿಯ ಕಟ್ಟಿನ ಯುಗ ೧೯೫೬ರ ಕೊನೆಗೆ, ಅಂದರೆ ಕನ್ನಡ ಪ್ರದೇಶಗಳು ಒಂದಾದ ದಿನಗಳಲ್ಲಿ, ಮುಗಿಯಿತು. ಜನ ಏಕೀಕರಣದ ಮಾತಾಡುತ್ತಿದ್ದಾಗ ಅತ್ತೆ ಶಿವಮೊಗ್ಗೆಗೆ ಹೋಗಿ ಜೇನಿನ ಬಣ್ಣದ ಕಟ್ಟು ಹಾಕಿಸಿಕೊಂಡು ಬಂದಳು. ಯಾಕೆಂದು ಕೇಳಿದ್ದಕ್ಕೆ ದೊರೆತ ಉತ್ತರ ಇದು:

“ಕರೀ ಕಟ್ಟು ಹಾಕ್ಕಂಡ್ರೆ ಮುಖದ ಮ್ಯಾಲೆ ಕಟ್ಟೇ ಮಾತಾಡ್ತದೆ ಕಣೇ. ಕಣ್ಣು ಸುಮ್ಕೆ ಕೂತಿರ್ತದೆ.”

ಇದೇ ಆಕೆಯ ಶಾಸ್ತ್ರದ ಮೊದಲ ಸೂತ್ರ. ಎರಡನೆಯದು, ಗಾಜು ಕಣ್ಣನ್ನು ಕುಗ್ಗಿಸುತ್ತದೆ ಎಂಬುದು. “ಬಾದಾಮಿನ ಎಳ್ಳು ಮಾಡ್ತದೆ” ಎಂಬುದು ಆಕೆಯ ಮಾತು. ಕುಗ್ಗಿದ ಕಣ್ಣಿಗೆ ರೆಪ್ಪೆಯ ಒಳಗೆ ಸುತ್ತಲೂ ಕಾಡಿಗೆ ಬಳಿದರೆ ಎಳ್ಳು ಹೋಗಿ ಸಾಸಿವೆಯಾಗುತ್ತದೆ. ಆದ್ದರಿಂದ ಕಾಡಿಗೆ ಕೆಳರೆಪ್ಪೆಯ ಹೊರ ಅಂಚಿಗೆ, ಮೂಗಿನ ಕಡೆ ಕೂದಲೆಳೆಯಷ್ಟು ಸಣ್ಣಗೆ, ಕಿವಿಯ ಕಡೆ ತುಸು ದಪ್ಪಗೆ. ಹುಬ್ಬು ಕಟ್ಟಿನ ಮೇಲೆ ಕಾಣಲೇಬೇಕು, ಕಟ್ಟಿನ ಹಿಂದೆ ಅಡಗುವ ಹುಬ್ಬು ಇದ್ದೂ ಇಲ್ಲದ ಹಾಗೆ. ಕುಂಕುಮ ಹುಬ್ಬಿನ ನಡುವೆ ಸಲ್ಲದು, ಅಲ್ಲಿ ಕಟ್ಟಿನ ಸೇತುವೆ ಇರುತ್ತದೆ, ಜನ ಸೇತುವೆಯನ್ನೇ ನೋಡುತ್ತಾರೆ. ಒಂದು ಬೆರಳಗಲ ಮೇಲಕ್ಕೆ ಏರಿಸಬೇಕು. ತುಟಿಗೆ ಎಲೆಯಡಿಕೆಯ ಕೆಂಪು ಇದ್ದರೆ ನೋಡುವವರ ಗಮನ ಗಾಜಿನಿಂದ ಕೆಳಗಿಳಿಯುತ್ತದೆ. ಮೂಗಿನ ಮೇಲೆ ಮಾತ್ರ ಸ್ನೋ ಕ್ರೀಮಾಗಲಿ ಪೌಡರಾಗಲಿ ಕೂಡದು.

ಈ ಕೊನೆಯ ನಿಯಮವನ್ನು ಆಕೆ ಕಲಿತದ್ದು ಅನುಭವದಿಂದ. ಒಂದು ಏಪ್ರಿಲ್ ತಿಂಗಳಲ್ಲಿ, ಶಾಲೆಗೆ ಇನ್ಸ್‌ಪೆಕ್ಟರು ಬರುವ ದಿನ, ಅತ್ತೆ ಮೂಗಿಗೂ ಉದಾರವಾಗಿ ಸ್ನೋ ಹಚ್ಚಿ ಪೌಡರು ಹಾಕಿಕೊಂಡು ಹೋದಳು. ಸೆಖೆಗೆ ಸ್ನೋ ಕರಗಿತು, ಕನ್ನಡಕ ಜಾರಲಾರಂಭಿಸಿತು. ಎರಡೂ ಕೈಯಲ್ಲಿ ಭೂಪಟ ಹಿಡಿದಿದ್ದರಿಂದ ಅದನ್ನು ಮೇಲೆ ನೂಕುವಂತಿಲ್ಲ. ಆಕೆ ಕಂಡುಕೊಂಡ ಉಪಾಯವೆಂದರೆ ತಲೆಯನ್ನು ಹಿಂದಕ್ಕೆ ವಾಲಿಸಿ, ಸೂರಿಗೆ ಮುಖಮಾಡಿ ಪಾಠ ಹೇಳುವುದು. ಇಡೀ ತರಗತಿ ಸೂರು ನೋಡಿತು. ಇನ್ಸ್‌ಪೆಕ್ಟರೂ ಸೂರು ನೋಡಿದರು. ಮೆಲ್ಲನೆ ಬಾಗಿಲ ಕಡೆ ಸರಿದರು.

“ಹಾವೇನಮ್ಮಾ?” ಎಂದರಂತೆ.

“ಅಲ್ಲ ಸಾರ್, ತುಂಗಭದ್ರಾ,” ಎಂದಳಂತೆ ಅತ್ತೆ. ಅಂದಿನ ಪಾಠ ನದಿಗಳದ್ದು.

ಆಕೆಗೆ ಒಳ್ಳೆಯ ವರದಿ ಬಂತು. ಶಾಲೆಯ ಹೆಂಚು ಬದಲಿಸಬೇಕೆಂಬ ಶಿಫಾರಸೂ ಬಂತು! ಇದನ್ನು ಆಕೆ ತನ್ನ ಸಾಧನೆಗಳ ಪಟ್ಟಿಯಲ್ಲಿ ಸೇರಿಸಿಕೊಂಡಿದ್ದಳು.

ಕಾಡಿಗೆಯ ವಿಷಯಕ್ಕೆ ಬರೋಣ. ಹರಳೆಣ್ಣೆಯ ದೀಪದ ಮೇಲೆ ಹಿತ್ತಾಳೆಯ ತಟ್ಟೆ ಕವುಚಿ ಮನೆಯಲ್ಲೇ ಮಾಡಿದ ಕಾಡಿಗೆ ಅದು, ಗುಣದಲ್ಲಿ ದೋಷವಿರಲಿಲ್ಲ. ದೋಷವಿದ್ದುದು ದಿಕ್ಕಿನಲ್ಲಿ. ಅಂದಾಜಿನಲ್ಲಿ ಎಳೆದ ಗೆರೆ ಒಂದು ದಿನ ಕೆನ್ನೆಗೆ ಇಳಿಯುತ್ತಿತ್ತು, ಒಂದು ದಿನ ಕಿವಿಯವರೆಗೆ ಪ್ರಯಾಣ ಬೆಳೆಸುತ್ತಿತ್ತು. ಕೊನೆಗೆ ಮಾವ ತಡೆಯಲಾರದೆ, “ಹದ್ದು ತಪ್ಪೈತೆ, ಇತ್ತ ಬಾ,” ಎಂದು ಕರೆದು, ನಕಾಶೆಗೆ ಗೆರೆ ಎಳೆಯುವ ಕೈಯಿಂದಲೇ ಹೆಂಡತಿಯ ಕಣ್ಣಿಗೆ ಗೆರೆ ಎಳೆಯತೊಡಗಿದರು. ಬೀದಿಯ ಕಡೆಯ ಜಗುಲಿಯಲ್ಲಿ ಬೆಳಕು ಹೆಚ್ಚಾದ್ದರಿಂದ ಈ ಮೋಜಣಿ ನಡೆಯುತ್ತಿದ್ದುದೂ ಅಲ್ಲೇ, ದಿನ ಬೆಳಗಾದರೆ, ಹಾಲಿನವಳೂ ಶಾಲೆಯ ಹುಡುಗಿಯರೂ ಗಾಡಿಯವರೂ ನೋಡುತ್ತಿದ್ದಂತೆ. ಮರ್ಯಾದಸ್ಥರ ಮನೆಯಲ್ಲಿ ಇದು ನಡೆಯುವಂಥದ್ದೇ? ನಾನು ಒಮ್ಮೆ ರಜೆಗೆ ಹೋದಾಗ ನಾಚಿಕೆಯಿಂದ ಹಿತ್ತಲಿಗೆ ಹೋಗಿ ಕುಳಿತಿದ್ದೆ. ಎದುರು ಮನೆಯ ಮುದುಕಿ ಮಾತ್ರ ಎಲೆಯಡಿಕೆ ಮೆಲ್ಲುತ್ತಾ, “ಇವತ್ತು ಎಡಗಣ್ಣು ಸ್ವಲ್ಪ ಒತ್ತುವರಿ ಆಗೈತೆ ನೋಡ್ರೀ,” ಎಂದು ಮಾವನಿಗೆ ಸಲಹೆ ಕೊಡುತ್ತಿದ್ದಳು.

ಮಾವ ಅಳತೆಯ ಕೆಲಸಕ್ಕೆಂದು ಉಡುತಡಿಯ ಕಡೆಗೋ ಮತ್ತೆಲ್ಲಿಗೋ ಹೋದ ದಿನಗಳಲ್ಲಿ ಅತ್ತೆ ಮತ್ತೆ ಅಂದಾಜಿಗೆ ಮರಳುತ್ತಿದ್ದಳು. ಅಂಥ ಒಂದು ಅಂದಾಜಿನಿಂದ ನಮ್ಮ ತಂದೆಯ ಕೋಟು ಸುಟ್ಟುಹೋಗುವುದರಲ್ಲಿತ್ತು. ಅತ್ತೆಯ ಪ್ರಕಾರ ಇದು ವಿಳಂಬಿ ಸಂವತ್ಸರದ ಸಂಗತಿ. ಅದು ತಪ್ಪು, ಹೇವಿಳಂಬಿಯ ಮೊದಲ ದಿನಗಳು, ಎಂದರೆ ೧೯೫೭ರ ಬೇಸಗೆ. ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದು, ಕಾಡಂಚಿನ ಜನ ಹೆಸರಿಲ್ಲದ ಜ್ವರದಲ್ಲಿ ಮಲಗುತ್ತಿದ್ದ ವರ್ಷ ಅದು. ಸತ್ತ ಮಂಗ ಕಂಡರೆ ಮುಟ್ಟಬೇಡಿ, ತಿಳಿಸಿ ಎಂದು ಆರೋಗ್ಯ ಇಲಾಖೆಯವರು ನಮ್ಮ ಸೊರಬದಲ್ಲೂ ಹೇಳಿ ಹೋಗಿದ್ದರು. ಎಲ್ಲರ ಎದೆಯಲ್ಲೂ ಅಳುಕಿತ್ತು.

ಅತ್ತೆ ರಜೆಗೆ ನಮ್ಮಲ್ಲಿಗೆ ಬಂದಿದ್ದಳು. ಮಧ್ಯಾಹ್ನದ ಊಟವಾದ ಮೇಲೆ ಬೆವರಿಗೆ ಕದಡಿದ ಅಲಂಕಾರವನ್ನು ದುರಸ್ತಿ ಮಾಡಿಕೊಳ್ಳುವುದು ಆಕೆಯ ವಾಡಿಕೆ. ಕನ್ನಡಕ ತೆಗೆದಿಟ್ಟು, ಬೆರಳಿಗೆ ಕಾಡಿಗೆ ಸವರಿಕೊಂಡು, ಬೆಳಕಿಗೆಂದು ಹಿತ್ತಲ ಬಾಗಿಲಿಗೆ ಹೋದವಳು ಅಲ್ಲೇ ನಿಂತಳು.

“ಇಲ್ಕೇಳೇ, ಗ್ವಾಡೆ ಮ್ಯಾಲೆ ಮಂಗ ಸತ್ತು ಬಿದ್ದೈತೆ,” ಎಂದಳು ನನ್ನ ತಾಯಿಗೆ, ಮೆತ್ತಗೆ, ಸತ್ತ ಮಂಗಕ್ಕೆ ಕೇಳಿಸಬಾರದೆಂಬಂತೆ.

ನನ್ನ ತಾಯಿ ನೋಡಲು ಹೋಗಲಿಲ್ಲ. ನೋಡಿದರೂ ಜ್ವರ ಬರುತ್ತದೆಂದು ಆಕೆಯ ನಂಬಿಕೆ. ಬಾಗಿಲು ಮುಚ್ಚಿದರು. ಪಕ್ಕದ ಮನೆಯವರ ಮೂಲಕ ಇಲಾಖೆಗೆ ಸುದ್ದಿ ಮುಟ್ಟಿತು. ಅರ್ಧ ಗಂಟೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡ ಇಬ್ಬರು, ಉದ್ದನೆಯ ಇಕ್ಕಳ, ಗೋಣಿಚೀಲ, ಸೀಮೆಎಣ್ಣೆಯೊಂದಿಗೆ ಬಂದರು. ಅವರ ಹಿಂದೆ ಇಡೀ ಕೇರಿ ಬಂತು. ಇಕ್ಕಳದವನು ಹತ್ತಿರ ಹೋಗಿ, ನಿಂತು, ಹಿಂದಿರುಗಿ ನೋಡಿದ.

“ಅಮ್ಮಾ, ಈ ಮಂಗಕ್ಕೆ ಜೇಬು ಇದಾವಲ್ರೀ.”

ನನ್ನ ತಂದೆಯ ಕಚೇರಿಯ ಕಂದು ಕೋಟು! ಅಂದು ಬೆಳಿಗ್ಗೆ ಒಗೆದು ಒಣಹಾಕಿದ್ದು, ಒಂದು ತೋಳನ್ನು ಬಾಲದಂತೆ ಇಳಿಬಿಟ್ಟು ಮಲಗಿತ್ತು. ತಂದೆ ಸಂಜೆ ಬಂದು ವಿಷಯ ತಿಳಿದು ಅಕ್ಕನನ್ನು ಕೇಳಿದರು: “ಅಲ್ಲಾ ಅಕ್ಕ, ಕನ್ನಡಕ ಹಾಕ್ಕೊಂಡು ಇನ್ನೊಂದ್ಸಲ ನೋಡೋಕ್ ಆಗ್ತಿರ್ಲಿಲ್ವಾ?” ಅತ್ತೆಯ ಸಮಾಧಾನಕ್ಕೆ ಭಂಗ ಬರಲಿಲ್ಲ. “ಕಾಡಿಗೆ ಹಸಿ ಇತ್ತು,” ಎಂದಳು. “ಹಸೀದಾಗೆ ಕನ್ನಡಕ ಹಾಕಿದ್ರೆ ಗಾಜಿಗೆ ಹತ್ತತದೆ.”

ಇಂಥವಳ ಮಾತಿಗೆ ನನ್ನ ಮದುವೆಯ ವಿಷಯದಲ್ಲಿ ಬೆಲೆ ಕೊಡುವ ಪ್ರಸಂಗ ಬಂದೀತೆಂದು ಯಾರು ಎಣಿಸಿದ್ದರು?

ಅದೇ ಸಂವತ್ಸರದ ಪುಷ್ಯಮಾಸದಲ್ಲಿ ನನ್ನನ್ನು ನೋಡಲು ಹೊನ್ನಾಳಿಯ ಕಡೆಯಿಂದ ಒಂದು ಮನೆಯವರು ಸೊರಬಕ್ಕೆ ಬಂದರು: ಹುಡುಗ, ಅವನ ತಾಯಿ, ಮಧ್ಯಸ್ಥಿಕೆಯವರೊಬ್ಬರು. ಹೆಣ್ಣು ತೋರಿಸುವ ದಿನ ಕನ್ನಡಕ ತೆಗೆದಿಡುವುದು ಆಗ ನಮ್ಮ ಕಡೆಯ ಪದ್ಧತಿ. ಸುಳ್ಳು ಹೇಳುತ್ತಿರಲಿಲ್ಲ, ನಿಜವನ್ನೂ ಹೇಳುತ್ತಿರಲಿಲ್ಲ, ಅಷ್ಟೇ. ಮದುವೆಯಾದ ಮೇಲೆ ಒಂದು ದಿನ “ತಲೆನೋವು” ಬಂದು, ವೈದ್ಯರು “ಬರೆದುಕೊಟ್ಟು,” ಕನ್ನಡಕ ಗಂಡನ ಮನೆಯಲ್ಲೇ ಹೊಸದಾಗಿ ಹುಟ್ಟುತ್ತಿತ್ತು. ನನ್ನ ತಾಯಿ ಆರು ವರ್ಷ ನನ್ನ ಮೂಗಿನ ಮೇಲಿದ್ದ ಕನ್ನಡಕವನ್ನು ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟಳು.

ಹಾಲಿನ ಬಣ್ಣದ ಮಂಜಿನೊಳಕ್ಕೆ ನಾನು ತಟ್ಟೆ ಹಿಡಿದು ನಡೆದೆ. ಹೆಜ್ಜೆ ಎಣಿಸಿ ಅಭ್ಯಾಸ ಮಾಡಿಸಿದ್ದರಿಂದ ಎಡವಲಿಲ್ಲ. ಹುಡುಗನ ತಾಯಿಯೆಂದು ತಿಳಿದು ಮಧ್ಯಸ್ಥಿಕೆಯವರ ಕಾಲಿಗೆ ನಮಸ್ಕಾರ ಮಾಡಿದೆ. ಅವರು ಶಲ್ಯ ಹೊದ್ದಿದ್ದರು, ನನಗೆ ಸೆರಗಿನಂತೆ ಕಂಡಿತ್ತು. ಆ ತಾಯಿಗೆ ಸಂಶಯ ಬಂದಿರಬೇಕು. ಚೀಲದಿಂದ ಸೂಜಿದಾರ ತೆಗೆದರು. ಇದೂ ಒಂದು ಪದ್ಧತಿಯೇ.

“ಇದಕ್ಕೊಂದು ದಾರ ಪೋಣಿಸಿ ಕೊಡವ್ವಾ. ನನಗೆ ವಯಸ್ಸಾತು.”

ಸೂಜಿಯ ಪರೀಕ್ಷೆಯನ್ನು ಕಂಡುಹಿಡಿದವರಿಗೆ ನಮ್ಮ ದೋಷದ ಸ್ವರೂಪ ತಿಳಿದಿರಲಿಲ್ಲ. ನಮಗೆ ಕಾಣದಿರುವುದು ದೂರದ್ದು. ಮೂಗಿನ ತುದಿಯಲ್ಲಿ ಹಿಡಿದರೆ ಇರುವೆಯ ಮೀಸೆಯೂ ಕಾಣುತ್ತದೆ. ಸೂಜಿಯನ್ನು ಮುಖದ ಹತ್ತಿರ ತಂದು ಒಂದೇ ಸಲಕ್ಕೆ ಪೋಣಿಸಿ ಕೊಟ್ಟೆ. “ಹುಡುಗಿ ಕಣ್ಣು ಚಲೋ ಐತೆ,” ಎಂದು ಆಕೆ ತೀರ್ಪು ಕೊಟ್ಟರು. “ಎಲ್ಲಾನೂ ಮೂಸಿ ನೋಡೋ ಚಟ ಒಂದು ಬಿಡಿಸಬೇಕು.”

ವಾರದೊಳಗೆ ಒಪ್ಪಿಗೆಯ ಕಾಗದ ಬಂತು: ಜಾತಕ ಚೆನ್ನಾಗಿ ಕೂಡಿದೆ, ಹುಡುಗನ ತಂದೆಯೊಬ್ಬರು ನೋಡುವುದು ಬಾಕಿ, ಅರ್ಧ ದಾರಿಯಾದ ಶಿಕಾರಿಪುರದಲ್ಲಿ ಸೇರಿದರೆ ಅನುಕೂಲ. ಶಿಕಾರಿಪುರವೆಂದರೆ ಅತ್ತೆಯ ಮನೆ. ಹಿಂದಿನ ದಿನವೇ ನಾವು ಹೋದೆವು. ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡಳು.

“ಹುಡುಗ ಹೆಂಗದಾನೆ?”

“ಎತ್ತರ ಇದಾರೆ.”

“ಕೂತಿದ್ದೋನು ಎತ್ತರ ಅಂತ ಹೆಂಗೆ ಗೊತ್ತಾತು?”

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

“ಮುಖ ನೋಡಿದ್ಯೇನೇ?”

ಮೇಲೆ ಕಂದು, ಕೆಳಗೆ ಬಿಳಿ. ನಾನು ಕಂಡದ್ದು ಇಷ್ಟನ್ನೇ. ಬಾಳುವೆಯೆಲ್ಲ ಜೊತೆಗಿರಬೇಕಾದವನ ಮುಖ ನನಗೆ ಗೊತ್ತಿರಲಿಲ್ಲ. ಅದು ನನ್ನನ್ನು ರಾತ್ರಿ ಹಗಲು ಕೊರೆಯುತ್ತಿದ್ದರೂ ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಹುಡುಗಿಯೂ ಹುಡುಗನನ್ನು ನೋಡುವುದುಂಟೆಂಬ ಕಲ್ಪನೆ ಯಾರಿಗೂ ಇರಲಿಲ್ಲ. ಅತ್ತೆ ಎದ್ದು ನನ್ನ ತಂದೆಯ ಮುಂದೆ ನಿಂತಳು.

“ನಾಳೆ ಕನ್ನಡಕ ಹಾಕ್ಕಂಡೇ ಬರ್ತಾಳೆ.”

“ಅಕ್ಕ, ಕೈಗೆ ಬಂದಿದ್ದು ಹೋಗ್ತದೆ. ನಿನ್ ಕಾಲು ಹಿಡೀತೀನಿ.”

“ಕಾಲು ಬಿಡು. ನನ್ನ ಮನೆ, ನನ್ನ ಕನ್ನಡಿ. ನಾನು ಅಲಂಕಾರ ಮಾಡ್ತೀನಿ, ನೀನು ಉಪ್ಪಿಟ್ಟಿಗೆ ರವೆ ತಾ.”

ಮರುದಿನ ಬೆಳಿಗ್ಗೆ ಎರಡು ಗಂಟೆ ಕಾಲ ನಾನು ಆ ಶಾಸ್ತ್ರದ ಪ್ರಯೋಗವಸ್ತುವಾದೆ. ತನ್ನ ಮುಖವಾದರೆ ಆಕೆಗೆ ಕಾಣುತ್ತಿರಲಿಲ್ಲ, ನನ್ನದು ಕಂಡಿತು. ಕನ್ನಡಕವೇರಿಸಿ, ನನ್ನ ಗಲ್ಲ ಹಿಡಿದು, ಉಸಿರು ಬಿಗಿಹಿಡಿದು ಕೆಳರೆಪ್ಪೆಯ ಹೊರಗೆ ಗೆರೆ ಎಳೆದಳು. ಹುಬ್ಬಿನ ಕೂದಲನ್ನು ಹರಳೆಣ್ಣೆಯ ಬೆರಳಿನಿಂದ ಮೇಲಕ್ಕೆ ತೀಡಿದಳು. ಕೆನ್ನೆಗೆ ಪೌಡರು, ಮೂಗಿಗೆ ಬರಿಯ ಒದ್ದೆ ಬಟ್ಟೆ. ಕುಂಕುಮ ಒಂದು ಬೆರಳಗಲ ಮೇಲಕ್ಕೆ. ನಾನು ಮುಖ ಸಿಂಡರಿಸಿಕೊಂಡು, “ಇಷ್ಟೆಲ್ಲ ಮಾಡಿ ಮೇಲೆ ಗಾಜು ಮುಚ್ಚೋದಕ್ಕೆ ಎಂತ ಅರ್ಥ?” ಎಂದೆ.

“ಮುಚ್ಚೋದಲ್ಲ ಕಣೇ, ಕಟ್ಟು ಹಾಕ್ಸೋದು. ಪಟಕ್ಕೆ ಕಟ್ಟು ಹಾಕ್ಸಿದ ಮ್ಯಾಲೆ ಒಳಗೆ ಚಿತ್ರ ಬ್ಯಾಡ್ವಾ? ಅಲ್ಲಾಡಬ್ಯಾಡ.”

ಆಮೇಲೆ ಕನ್ನಡಕವನ್ನು ಸೀರೆಯ ಸೆರಗಿನಿಂದ ಒರೆಸಿ ನನ್ನ ಮೂಗಿಗೇರಿಸಿ ಕನ್ನಡಿಯ ಮುಂದೆ ನಿಲ್ಲಿಸಿದಳು. ಜಿಡ್ಡಿನ ಮೂಗಿನ ಅಚ್ಚನ್ನು ತಪ್ಪಿಸಿ ನೋಡಿಕೊಂಡೆ. ಚೆನ್ನಾಗಿತ್ತು ಎಂದು ಬರೆಯಲು ನನಗೆ ಈಗಲೂ ಸಂಕಟ. ಆದರೆ ಚೆನ್ನಾಗಿತ್ತು.

ಹನ್ನೊಂದು ಗಂಟೆಗೆ ಅವರು ಬಂದರು. ನಾನು ತಟ್ಟೆ ಹಿಡಿದು ಹೊರಬಂದಾಗ ಹುಡುಗನ ತಂದೆ ಹೆಂಡತಿಯ ಕಡೆ ತಿರುಗಿದರು. ತಾಯಿಯ ಕೈ ಉಪ್ಪಿಟ್ಟಿನ ಮೇಲೆ ನಿಂತಿತು.

“ಇದೇನ್ರೀ ಇದು? ಹೋದ ಸಲ ಇದ್ದಿಲ್ಲ?”

“ಹೋದ ಸಲ ಸೂಜಿ ನೀವು ತಂದಿದ್ರಿ. ಈ ಸಲ ಕನ್ನಡಕ ನಾವು ತಂದೀವಿ,” ಎಂದಳು ಅತ್ತೆ.

“ಹಂಗಾರೆ ಹುಡುಗಿಗೆ ಕಣ್ಣು ಕಾಣಂಗಿಲ್ಲನು?”

“ಈಗ ಕಾಣ್ತದೆ. ಹೋದ ಸಲ ಕಾಣ್ತಿರ್ಲಿಲ್ಲ.”

ನನ್ನ ತಂದೆ ಕಂಬಕ್ಕೆ ಒರಗಿಕೊಂಡರು. ನಾನು ತಲೆಯೆತ್ತಿ ಹುಡುಗನನ್ನು ನೋಡಿದೆ. ನೋಡಲು ಲಕ್ಷಣವಾಗಿಯೇ ಇದ್ದ. ನನ್ನ ಕನ್ನಡಕ ನೋಡಿದ. ಆಮೇಲೆ ತಾಯಿಯ ಮುಖ ನೋಡಿದ. ಅಲ್ಲಿ ಹುಬ್ಬು ಗಂಟಿಕ್ಕಿರುವುದನ್ನು ಖಚಿತಪಡಿಸಿಕೊಂಡು ತನ್ನ ಹುಬ್ಬನ್ನೂ ಗಂಟಿಕ್ಕಿದ. ಹೊರಡುವವರೆಗೆ ಅವನು ನನ್ನ ಕಡೆ ಮತ್ತೆ ತಿರುಗಲಿಲ್ಲ.

ಎಂಟು ದಿನಕ್ಕೆ ಕಾಗದ ಬಂತು: ಜಾತಕ ಕೂಡುವುದಿಲ್ಲ. ಹಿಂದಿನ ಕಾಗದವೂ ಇದೂ ಎರಡೂ ನನ್ನ ಬಳಿ ಇವೆ. ಒಂದೇ ಕೈಬರಹ, ಒಂದೇ ಜಾತಕ. ನಡುವೆ ಮೂವತ್ತನಾಲ್ಕು ದಿನ. ಅಷ್ಟರಲ್ಲಿ ನನ್ನ ಜನ್ಮಕಾಲದ ಗ್ರಹಗಳು ಸ್ಥಾನ ಬದಲಿಸಿದ್ದವು!

ಈಗ ನಗಬಹುದು. ಆಗ ನಗಲಾಗಲಿಲ್ಲ. ಒಪ್ಪಿ ಬಿಟ್ಟ ಹುಡುಗಿ ಎಂದರೆ ಊರಿನ ಬಾಯಲ್ಲಿ ಬೇರೆಯೇ ಅರ್ಥ. ತಾಯಿ ಅಡುಗೆಮನೆಯಲ್ಲಿ ಅಳುತ್ತಿದ್ದಳು. ತಂದೆ ಅಕ್ಕನಿಗೆ ಕಾಗದ ಬರೆಯುವುದನ್ನು ನಿಲ್ಲಿಸಿದರು. ಆ ಮಾಘಮಾಸದ ದಿನಚರಿಯಲ್ಲಿ ಆಕೆಯ ಹೆಸರೇ ಇಲ್ಲ. ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ತನ್ನ ಮುಖದ ಮೇಲೆ ಇಪ್ಪತ್ತು ವರ್ಷ ನಡೆಸಿದ ನಾಟಕ ಸಾಲದೆಂದು ಆಕೆ ನನ್ನ ಮುಖವನ್ನೂ ರಂಗಸ್ಥಳ ಮಾಡಿಕೊಂಡಳಲ್ಲ! ಒಂದು ಶನಿವಾರ, ಹೊಸಬಾಳೆಯ ನೆಂಟರ ಮನೆಗೆಂದು ಸುಳ್ಳು ಹೇಳಿ, ಆಡಬೇಕಾದ ಮಾತುಗಳನ್ನೆಲ್ಲ ಬಾಯಿಪಾಠ ಮಾಡುತ್ತಾ ಶಿಕಾರಿಪುರದ ಬಸ್ಸು ಹತ್ತಿದೆ.

ಅತ್ತೆ ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಮಾವ ಕಿಟಕಿಯ ಬೆಳಕಿಗೆ ನಕಾಶೆ ಹರಡಿಕೊಂಡಿದ್ದರು. ಬಾಯಿಪಾಠ ಮಾಡಿದ್ದನ್ನು ಅವರಿಗೇ ಒಪ್ಪಿಸಿದೆ. ಕಣ್ಣು ಕಾಣದವಳಿಗೆ ಕಾಡಿಗೆಯ ಹುಚ್ಚು, ಆ ಹುಚ್ಚಿಗೆ ನನ್ನ ಬಾಳು ಬಲಿ ಎಂದೆ. ಅವರು ಲೇಖನಿಯ ಮಸಿ ಒರೆಸಿ ಪಕ್ಕಕ್ಕಿಟ್ಟರು. ಮಾವ ಹೆಚ್ಚು ಮಾತಿನವರಲ್ಲ.

“ನಿಮ್ಮತ್ತೆ ಕನ್ನಡಕನೂ ಪೆಟ್ಟಿಗೇಲಿಟ್ಟೇ ಮದುವೆ ಮಾಡಿದ್ರು. ನನಗೆ ಹೇಳಿರ್ಲಿಲ್ಲ. ಇಲ್ಲಿಗೆ ಬಂದ ದಿನಾನೇ ಪೆಟ್ಟಿಗೆ ಸರಿಸೋವಾಗ ಮುಚ್ಚಳ ತೆರಕಂತು, ಸೀರೆ ಮಡಿಕೆ ಒಳಗೆ ಕಂಡೆ. ಗೋಡೆ ಸವರ್ಕಂಡು ಯಾಕೆ ಓಡಾಡ್ತಾಳೆ ಅಂತ ಆವಾಗ ಗೊತ್ತಾತು.”

“ಆವಾಗ್ಲೇ ತೆಗೆದು ಕೊಟ್ರಾ?”

“ಇಲ್ಲ. ಹನ್ನೊಂದು ದಿನ ಸುಮ್ಕಿದ್ದೆ.”

ನನಗೆ ಅರ್ಥವಾಗಲಿಲ್ಲ. ಅವರು ಕೈಯನ್ನು ತಮ್ಮ ಕೆನ್ನೆಯ ಮೇಲೆ ಒಮ್ಮೆ ಆಡಿಸಿದರು.

ಮಾವನ ಮುಖದ ತುಂಬ ಸಿಡುಬಿನ ಕಲೆಗಳು. ಹಣೆಯಿಂದ ಗದ್ದದವರೆಗೆ, ಎಡಗಣ್ಣಿನ ರೆಪ್ಪೆಯನ್ನೂ ಬಿಡದೆ. ಇಷ್ಟು ಹೊತ್ತು ಬರೆದರೂ ನಾನು ಅದನ್ನು ಹೇಳಿಲ್ಲ, ಮರೆಮಾಚಬೇಕೆಂದಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಅದು ನೆನಪಿರುತ್ತಿರಲಿಲ್ಲ, ಅಷ್ಟೇ.

“ಅವಳಿಗೆ ಕಾಣದಿದ್ದಷ್ಟು ದಿನ ನನಗೂ ಒಳ್ಳೇದೇ ಅನ್ನಿಸ್ತಿತ್ತು,” ಎಂದರು ಮಾವ. “ಹನ್ನೊಂದನೇ ದಿನ ಕೆಂಡದ ಮ್ಯಾಲೆ ಕೈ ಇಟ್ಲು. ಸುಟ್ಟ ಕೈನ ಹಿಂದೆ ಮುಚ್ಚಿಟ್ಕಂಡು ನಕ್ಕಳು. ಆವತ್ತು ತಡಿಯಾಕೆ ಆಗ್ಲಿಲ್ಲ. ಕನ್ನಡಕ ತಂದು, ಒರೆಸಿ, ನಾನೇ ಹಾಕಿದೆ. ಬೆಳಕಿಗೆ ಮುಖ ಮಾಡಿ ಎದುರಿಗೆ ಕೂತೆ. ನೋಡು, ಅವಸರ ಇಲ್ಲ, ಅಂದೆ.”

“ಅತ್ತೆ ಎಂತ ಅಂದ್ರು?”

“ನೋಡಿದ್ಲು. ಒಲೆ ಮ್ಯಾಲೆ ಹಾಲು ಉಕ್ಕಿ ಬೆಂಕಿ ಆರಿಹೋತು, ಆದ್ರೂ ನೋಡ್ತಾನೇ ಇದ್ಲು. ಆಮ್ಯಾಲೆ, ಇಷ್ಟೇನಾ, ಅಂದ್ಲು.”

ಅವರು ಲೇಖನಿಯನ್ನು ಮತ್ತೆ ಕೈಗೆತ್ತಿಕೊಂಡರು, ಗೆರೆ ಎಳೆಯಲಿಲ್ಲ.

ಬೀದಿಯ ಬಾಗಿಲು ಕಿರುಗುಟ್ಟಿತು. ಅತ್ತೆ ಒಳಗೆ ಬಂದು, ನನ್ನನ್ನು ಕಂಡು ಹೊಸ್ತಿಲಲ್ಲೇ ನಿಂತಳು. ಬಿಸಿಲಲ್ಲಿ ನಡೆದು ಬಂದ ಮುಖ ಬೆವೆತಿತ್ತು, ಕುಂಕುಮ ಕದಡಿತ್ತು. ಹೆಣ್ಣು ತೋರಿಸಿದ ಆ ದಿನದ ನಂತರ ನಮ್ಮ ಮನೆಯಿಂದ ಆಕೆಯ ಬಾಗಿಲಿಗೆ ಯಾರೂ ಬಂದಿರಲಿಲ್ಲ.

“ಬಯ್ಯಾಕ್ ಬಂದೀಯೇನೇ?” ಎಂದಳು, ಮೆಲ್ಲನೆ.

“ಇಲ್ಲ ಅತ್ತೆ,” ಎಂದೆ. “ನಿಮ್ಮನ್ನ ನೋಡೋಣ ಅಂತ ಬಂದೆ.”